62 ಅಂಕ ಬಿಟ್ಟುಕೊಟ್ಟ ‘ನಂಬರ್ ಒನ್’ ಡಿಫೆನ್ಸ್: ಮಿಶಿಗನ್ ಅಭಿಮಾನಿಗಳ ಜಗಳದಲ್ಲಿ ಯಾರು ಸರಿ?

2018ರ ನವೆಂಬರ್ 24ರ ಬೆಳಗ್ಗೆ, ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಅತ್ಯಂತ ಗಟ್ಟಿ ಡಿಫೆನ್ಸ್ ಯಾವ ತಂಡದ್ದು ಅಂತ ಯಾರನ್ನೇ ಕೇಳಿದ್ದರೂ ಉತ್ತರ ಬಹುತೇಕ ಒಂದೇ ಬರುತ್ತಿತ್ತು: ಮಿಶಿಗನ್ ವಿಶ್ವವಿದ್ಯಾಲಯ. ಅಲ್ಲಿಯವರೆಗಿನ 11 ಪಂದ್ಯಗಳಲ್ಲಿ ಅವರು ಎದುರಾಳಿಗಳಿಗೆ ಬಿಟ್ಟುಕೊಟ್ಟಿದ್ದು ಒಟ್ಟು 149 ಅಂಕ. ಅಂದರೆ ಪಂದ್ಯಕ್ಕೆ 13.5. ಎದುರಾಳಿ ಮುಂದೆ ಸಾಗಿದ ಯಾರ್ಡ್‌ಗಳ ಲೆಕ್ಕದಲ್ಲಂತೂ ಇಡೀ ದೇಶಕ್ಕೇ ಮೊದಲ ಸ್ಥಾನ.

ಅವತ್ತು ಕೊಲಂಬಸ್ ನಗರದಲ್ಲಿ ಒಹಾಯೊ ಸ್ಟೇಟ್ ಇದೇ ಡಿಫೆನ್ಸ್ ವಿರುದ್ಧ 62 ಅಂಕ ಹೊಡೆಯಿತು. 62-39. ಓವರ್‌ಟೈಮ್ ಇಲ್ಲದ ಪಂದ್ಯದಲ್ಲಿ ಮಿಶಿಗನ್ ತನ್ನ ಇತಿಹಾಸದಲ್ಲೇ ಇಷ್ಟು ಅಂಕ ಬಿಟ್ಟುಕೊಟ್ಟಿರಲಿಲ್ಲ. ಇತಿಹಾಸ ಅಂದರೆ ಸಣ್ಣದಲ್ಲ, ಈ ಎರಡು ತಂಡಗಳ ಮೊದಲ ಮುಖಾಮುಖಿ ನಡೆದಿದ್ದೇ 1897ರಲ್ಲಿ.

ಆ ರಾತ್ರಿ ಶುರುವಾದ ಜಗಳ ಇನ್ನೂ ಪೂರ್ತಿ ತಣ್ಣಗಾಗಿಲ್ಲ. ತಪ್ಪು ಯಾರದು? ತಂತ್ರದ್ದಾ, ಆಟಗಾರರದ್ದಾ, ಕೋಚ್‌ನ ಹಠದ್ದಾ, ಅಥವಾ ಬರೀ ಒಂದು ಕೆಟ್ಟ ದಿನವಾ?

ಅಮೆರಿಕದ ಕಾಲೇಜು ಹುಡುಗರು ಹೆಲ್ಮೆಟ್ ಹಾಕಿಕೊಂಡು ಗುದ್ದಾಡಿದರೆ ನಮಗೇನು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನನಗೆ ಇದರ ಹುಚ್ಚು ಹತ್ತಿಸಿದ್ದು ಒಬ್ಬ ಇಂಜಿನಿಯರಿಂಗ್ ಕ್ಲಾಸ್‌ಮೇಟ್. ಅವನು ಮಿಶಿಗನ್‌ನಲ್ಲೇ ಎಂ.ಎಸ್. ಮಾಡಿ, ಡೆಟ್ರಾಯಿಟ್ ಪಕ್ಕದ ಕಾರ್ ಕಂಪನಿಯೊಂದರಲ್ಲಿ ಇದ್ದಾನೆ. ಆ ಭಾಗದಲ್ಲಿ ಕನ್ನಡದವರಿಗೇನೂ ಕೊರತೆ ಇಲ್ಲ, ಕನ್ನಡ ಕೂಟವೂ ಇದೆ, ರಾಜ್ಯೋತ್ಸವದ ತಿಂಗಳಲ್ಲೇ ಈ ಪಂದ್ಯವೂ ಬರುತ್ತೆ. ಆದರೆ ನಾನು ಇದನ್ನು ಬರೆಯುತ್ತಿರುವುದು ಸ್ನೇಹಿತನಿಗಾಗಿ ಅಲ್ಲ. ಸೋಲಿನ ನಂತರ ಜನ ಹೇಗೆ ಕಾರಣ ಹುಡುಕುತ್ತಾರೆ, ಯಾವ ಅಂಕಿಗಳನ್ನು ನಂಬುತ್ತಾರೆ, ಕೊನೆಗೆ ಯಾರ ತಲೆಗೆ ಕಟ್ಟುತ್ತಾರೆ ಅನ್ನೋದಕ್ಕೆ ಇಷ್ಟು ಸ್ಪಷ್ಟವಾಗಿ ದಾಖಲಾದ ಕೇಸ್ ಇನ್ನೊಂದು ಸಿಗೋದು ಕಷ್ಟ. ಚುನಾವಣೆ ಸೋತ ಮಾರನೇ ದಿನ ಪಕ್ಷದ ಕಚೇರಿ ಮುಂದೆ ನಿಂತು ಮಾತು ಕೇಳಿಸಿಕೊಂಡವರಿಗೆ ಇದರ ರಾಗ ಪರಿಚಿತ ಅನ್ನಿಸುತ್ತೆ.

ಮೊದಲು ಆಟ ಅರ್ಥ ಮಾಡಿಕೊಳ್ಳೋಣ

ಇದು ನಮ್ಮ ಫುಟ್‌ಬಾಲ್ ಅಲ್ಲ. ಎರಡೂ ಕಡೆ 11 ಜನ. ಚೆಂಡು ಇರುವ ತಂಡಕ್ಕೆ 10 ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು ಅವಕಾಶ, ಹೋಗದಿದ್ದರೆ ಚೆಂಡು ಎದುರಾಳಿಗೆ. ಮೈದಾನದ ತುದಿ ಮುಟ್ಟಿದರೆ ಟಚ್‌ಡೌನ್, 6 ಅಂಕ, ಜೊತೆಗೆ ಒದ್ದರೆ ಇನ್ನೊಂದು. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್, ಓಡಿ ಹೋಗಿ ಹಿಡಿಯುವವರು ರಿಸೀವರ್‌ಗಳು. ಆಕ್ರಮಣಕ್ಕೆ ಬೇರೆ ಹುಡುಗರು, ರಕ್ಷಣೆಗೆ ಬೇರೆ ಹುಡುಗರು. ಎರಡಕ್ಕೂ ಬೇರೆ ಬೇರೆ ಕೋಚ್‌ಗಳು.

ರಕ್ಷಣೆ ಮಾಡುವವರ ಮುಂದೆ ಮುಖ್ಯವಾಗಿ ಎರಡು ದಾರಿ. ಒಂದು ಮ್ಯಾನ್ ಕವರೇಜ್: ಒಬ್ಬೊಬ್ಬ ರಿಸೀವರ್‌ಗೆ ಒಬ್ಬೊಬ್ಬ ಕಾವಲುಗಾರ. ಅವನು ಎಲ್ಲಿ ಹೋದರೆ ಅಲ್ಲಿ ನೆರಳಿನ ಹಾಗೆ ಹೋಗಬೇಕು. ಇನ್ನೊಂದು ಝೋನ್: ಮನುಷ್ಯನನ್ನಲ್ಲ, ಜಾಗವನ್ನು ಕಾಯೋದು. ನನ್ನ ಜಾಗಕ್ಕೆ ಯಾರು ಬಂದರೂ ಅವನು ನನ್ನ ಜವಾಬ್ದಾರಿ, ದಾಟಿ ಹೋದರೆ ಪಕ್ಕದವನ ಜವಾಬ್ದಾರಿ.

ಇದರ ಮೇಲೆ ಬ್ಲಿಟ್ಜ್ ಅಂತ ಇನ್ನೊಂದಿದೆ. ಹಿಂದೆ ಕಾಯಬೇಕಾದವರನ್ನೂ ಮುಂದಕ್ಕೆ ನುಗ್ಗಿಸಿ, ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಅವನನ್ನು ಕೆಡವೋದು. ಕಬಡ್ಡಿ ನೋಡುವವರಿಗೆ ಬೇಗ ಅರ್ಥವಾಗುತ್ತೆ. ರೈಡರ್ ಬೋನಸ್ ಗೆರೆಗೆ ಬರಲಿ ಅಂತ ಕಾಯದೆ, ಕವರ್‌ನಲ್ಲಿ ನಿಂತವನು ತಾನೇ ಮುನ್ನುಗ್ಗಿ ಹಿಡಿಯಲು ಹೋಗ್ತಾನಲ್ಲ, ಹಾಗೆ. ಸಿಕ್ಕರೆ ಇಡೀ ಸ್ಟೇಡಿಯಂ ಎದ್ದು ನಿಲ್ಲುತ್ತೆ. ಕೈ ಜಾರಿದರೆ ಅವನು ಬಿಟ್ಟುಬಂದ ಜಾಗ ಖಾಲಿ.

ಮಿಶಿಗನ್‌ನ ಡಿಫೆನ್ಸ್ ಕೋಚ್ ಡಾನ್ ಬ್ರೌನ್ ಈ ಮುನ್ನುಗ್ಗುವ ಪಂಥದವರು. ‘ಡಾಕ್ಟರ್ ಬ್ಲಿಟ್ಜ್’ ಅನ್ನೋದು ಅವರ ಅಡ್ಡಹೆಸರು. ಸಮಸ್ಯೆ ಏನೇ ಇರಲಿ, ಆಕ್ರಮಣದಿಂದಲೇ ಬಗೆಹರಿಸು ಅನ್ನೋದು ಅವರ ಘೋಷವಾಕ್ಯ. ಹಿಂದೆ ಮ್ಯಾನ್ ಕವರೇಜ್, ಮುಂದೆ ಬ್ಲಿಟ್ಜ್. 2016ರ ಋತುವಿಗಾಗಿ ಹೆಡ್ ಕೋಚ್ ಜಿಮ್ ಹಾರ್ಬಾ ಅವರನ್ನು ಬಾಸ್ಟನ್ ಕಾಲೇಜಿನಿಂದ ಕರೆತಂದಾಗ ಅಭಿಮಾನಿಗಳು ಕುಣಿದಾಡಿದ್ದರು. ಕಾರಣ, 2015ರಲ್ಲಿ ಬಾಸ್ಟನ್ ಕಾಲೇಜಿನ ಡಿಫೆನ್ಸ್ ಯಾರ್ಡ್ ಲೆಕ್ಕದಲ್ಲಿ ದೇಶಕ್ಕೇ ನಂಬರ್ ಒನ್ ಆಗಿತ್ತು.

ಅದೇ ವರ್ಷ ಬಾಸ್ಟನ್ ಕಾಲೇಜ್ ಗೆದ್ದಿದ್ದು ಮೂರು ಪಂದ್ಯ, ಸೋತಿದ್ದು ಒಂಬತ್ತು. ನಂಬರ್ ಒನ್ ಡಿಫೆನ್ಸ್, 3-9. ಅದು ಡಿಫೆನ್ಸ್‌ನ ತಪ್ಪಲ್ಲ, ಆ ತಂಡಕ್ಕೆ ಅಂಕ ಗಳಿಸೋಕೇ ಬರುತ್ತಿರಲಿಲ್ಲ. ಆದರೂ ‘ನಂಬರ್ ಒನ್’ ಅನ್ನೋ ಪಟ್ಟ ಎಷ್ಟನ್ನು ಹೇಳುತ್ತೆ, ಎಷ್ಟನ್ನು ಮುಚ್ಚಿಡುತ್ತೆ ಅಂತ ಯೋಚಿಸಲು ಆಗಲೇ ಒಂದು ಕಾರಣ ಸಿಕ್ಕಿತ್ತು.

ಅವತ್ತು ನಡೆದಿದ್ದೇನು

ಪಣಕ್ಕಿದ್ದದ್ದು ದೊಡ್ಡದು. ಮಿಶಿಗನ್ 10-1ರಲ್ಲಿತ್ತು, ದೇಶದಲ್ಲಿ ನಾಲ್ಕನೇ ರ‍್ಯಾಂಕ್. ಗೆದ್ದರೆ ಬಿಗ್ ಟೆನ್ ಫೈನಲ್, ಅಲ್ಲೂ ಗೆದ್ದರೆ ನಾಲ್ಕೇ ತಂಡಗಳ ರಾಷ್ಟ್ರೀಯ ಪ್ಲೇಆಫ್‌ನ ಬಾಗಿಲು. ಒಹಾಯೊ ಸ್ಟೇಟ್ ಆ ಸೀಸನ್‌ನಲ್ಲಿ ತೂರಾಡುತ್ತಿತ್ತು. ಅಕ್ಟೋಬರ್‌ನಲ್ಲಿ ಪರ್ಡ್ಯೂ ವಿರುದ್ಧ 49-20 ಸೋತಿತ್ತು, ಹಿಂದಿನ ವಾರವಷ್ಟೇ ಮೇರಿಲ್ಯಾಂಡ್ ವಿರುದ್ಧ ಓವರ್‌ಟೈಮ್‌ನಲ್ಲಿ 52-51ಕ್ಕೆ ಹೇಗೋ ಬಚಾವಾಗಿತ್ತು. 2012ರಿಂದ ಪ್ರತಿ ವರ್ಷ ಒಹಾಯೊ ಕೈಲಿ ಏಟು ತಿಂದ ಮಿಶಿಗನ್‌ಗೆ ಈ ಸಲ ಬಿಟ್ಟರೆ ಇನ್ಯಾವಾಗ ಅನ್ನೋ ಸ್ಥಿತಿ.

ಒಹಾಯೊ ಮಾಡಿದ್ದು ರಾಕೆಟ್ ಸೈನ್ಸ್ ಏನಲ್ಲ. ರಿಸೀವರ್‌ಗಳನ್ನು ಉದ್ದಕ್ಕೆ ಓಡಿಸುವ ಬದಲು ಅಡ್ಡಕ್ಕೆ ಓಡಿಸಿದರು. ಎಡಗಡೆಯವನು ಬಲಕ್ಕೆ, ಬಲಗಡೆಯವನು ಎಡಕ್ಕೆ, ಗೆರೆಯಿಂದ ಐದಾರು ಯಾರ್ಡ್ ಆಚೆ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರದಲ್ಲಿ ಒಬ್ಬರನ್ನೊಬ್ಬರು ದಾಟೋದು. ಇದಕ್ಕೆ ಮೆಶ್ ಅಂತಾರೆ, ಬಲೆ.

ಈಗ ಮ್ಯಾನ್ ಕವರೇಜ್‌ನ ಕಾವಲುಗಾರನ ಜಾಗದಲ್ಲಿ ನಿಂತು ನೋಡಿ. ನಿಮ್ಮ ಮನುಷ್ಯ ಅಡ್ಡಕ್ಕೆ ಓಡಿದ, ನೀವೂ ಓಡಬೇಕು. ಎದುರಿಂದ ಇನ್ನೊಬ್ಬ ರಿಸೀವರ್, ಅವನ ಹಿಂದೆ ನಿಮ್ಮದೇ ತಂಡದ ಇನ್ನೊಬ್ಬ ಕಾವಲುಗಾರ ಬರ್ತಿದ್ದಾರೆ. ಸಂತೆಯಲ್ಲಿ ಕಳ್ಳನನ್ನು ಬೆನ್ನಟ್ಟಿದ ಹಾಗೆ. ಗುದ್ದಿಕೊಳ್ಳಬಾರದು ಅಂದರೆ ಸುತ್ತು ಹಾಕಬೇಕು, ಸುತ್ತು ಹಾಕಿದರೆ ಎರಡು ಹೆಜ್ಜೆ ಹಿಂದೆ ಬೀಳ್ತೀರಿ. ಮುಂದೆ ಓಡುತ್ತಿರುವವನು ಪ್ಯಾರಿಸ್ ಕ್ಯಾಂಪ್‌ಬೆಲ್ ಆಗಿದ್ದರೆ? ಕೆಲವೇ ತಿಂಗಳ ನಂತರ ಎನ್‌ಎಫ್‌ಎಲ್ ಪರೀಕ್ಷೆಯಲ್ಲಿ 40 ಯಾರ್ಡನ್ನು 4.31 ಸೆಕೆಂಡ್‌ನಲ್ಲಿ ಓಡಿದ ಹುಡುಗ ಅವನು. ಮೈದಾನದ ಅಗಲ 53 ಯಾರ್ಡ್‌ಗೂ ಸ್ವಲ್ಪ ಜಾಸ್ತಿ. ಎರಡು ಹೆಜ್ಜೆ ಮುಂದಿರುವವನನ್ನು ಅಷ್ಟಗಲದಲ್ಲಿ ಮತ್ತೆ ಹಿಡಿಯೋದು ಆಗದ ಮಾತು.

ಇದಕ್ಕಿಂತ ಮುಖ್ಯವಾದ ವಿಷಯ ಒಂದಿದೆ, ಟಿವಿಯಲ್ಲಿ ಅದು ಸುಲಭಕ್ಕೆ ಕಾಣಲ್ಲ. ಮ್ಯಾನ್ ಕವರೇಜ್‌ನಲ್ಲಿ ಎಲ್ಲರ ಕಣ್ಣೂ ತಮ್ಮ ತಮ್ಮ ರಿಸೀವರ್ ಮೇಲೆ. ಚೆಂಡಿನ ಕಡೆ ಬಹುತೇಕರ ಬೆನ್ನು. ಹಾಗಾಗಿ ಒಬ್ಬ ಚೆಂಡು ಹಿಡಿದ ಕ್ಷಣದಲ್ಲಿ ಅವನನ್ನು ಕೆಡವಲು ಸಹಾಯಕ್ಕೆ ಬರುವವರು ಯಾರೂ ಇರಲ್ಲ. ಝೋನ್‌ನಲ್ಲಾದರೆ ಕಣ್ಣು ಕ್ವಾರ್ಟರ್‌ಬ್ಯಾಕ್ ಮೇಲಿರುತ್ತೆ. ಐದಾರು ಯಾರ್ಡ್‌ನ ಪಾಸ್ ಸಿಕ್ಕೇ ಸಿಗುತ್ತೆ, ಆದರೆ ಹಿಡಿದ ತಕ್ಷಣ ಮೂರು ಜನ ಮೈಮೇಲೆ ಬೀಳ್ತಾರೆ. ಅದೇ ಪಾಸ್, ಒಂದು ಕಡೆ 6 ಯಾರ್ಡ್‌ಗೆ ಮುಗಿಯುತ್ತೆ, ಇನ್ನೊಂದು ಕಡೆ ಮೈದಾನದ ತುದಿವರೆಗೂ ಹೋಗುತ್ತೆ.

ಮ್ಯಾನ್ ಆಡುವವರಿಗೂ ಇದಕ್ಕೆ ಮದ್ದು ಇಲ್ಲ ಅಂತೇನಿಲ್ಲ. ದಾಟುವಾಗ ಕಾವಲುಗಾರರು ತಮ್ಮ ಮನುಷ್ಯರನ್ನು ಅದಲು ಬದಲು ಮಾಡಿಕೊಳ್ಳಬಹುದು. ಅಥವಾ ಮಧ್ಯದಲ್ಲಿ ಯಾರನ್ನೂ ಕಾಯದ ಒಬ್ಬನನ್ನು ನಿಲ್ಲಿಸಿ, ಅಡ್ಡ ಬಂದವನನ್ನು ತಡೆಯಬಹುದು. ಆದರೆ ಆ ‘ಒಬ್ಬ’ ಎಲ್ಲಿದ್ದಾನೆ? ಬ್ಲಿಟ್ಜ್‌ಗೆ ಹೋಗಿದ್ದಾನೆ! ಸರಿ, ಬ್ಲಿಟ್ಜ್ ಆದರೂ ಫಲ ಕೊಟ್ಟಿತಾ ಅಂದರೆ, ಚೆಂಡು ಅಷ್ಟು ಬೇಗ ಕೈಬಿಡುತ್ತಿದ್ದುದರಿಂದ ನುಗ್ಗಿದವರು ತಲುಪುವಷ್ಟರಲ್ಲಿ ಪಾಸ್ ಹೋಗಿರುತ್ತಿತ್ತು.

ಕ್ವಾರ್ಟರ್‌ಬ್ಯಾಕ್ ಡ್ವೇನ್ ಹ್ಯಾಸ್ಕಿನ್ಸ್ 31 ಪಾಸ್ ಎಸೆದು 20 ಮುಟ್ಟಿಸಿದ, 396 ಯಾರ್ಡ್, 6 ಟಚ್‌ಡೌನ್. (ಈ ಹುಡುಗ 2022ರ ಏಪ್ರಿಲ್‌ನಲ್ಲಿ, 24ನೇ ವಯಸ್ಸಿನಲ್ಲಿ, ಹೆದ್ದಾರಿಯಲ್ಲಿ ಲಾರಿ ಡಿಕ್ಕಿಯಾಗಿ ತೀರಿಕೊಂಡ. ಆ ಪಂದ್ಯದ ವಿಡಿಯೊ ಈಗ ನೋಡುವಾಗ ಮಿಶಿಗನ್ ಅಭಿಮಾನಿಗಳಿಗೂ ಗಂಟಲು ಕಟ್ಟುತ್ತೆ ಅಂತ ನನ್ನ ಸ್ನೇಹಿತ ಹೇಳ್ತಾನೆ.) ಕ್ಯಾಂಪ್‌ಬೆಲ್ ಒಬ್ಬನೇ 6 ಸಲ ಚೆಂಡು ಹಿಡಿದು 192 ಯಾರ್ಡ್ ಓಡಿದ.

ನಾಲ್ಕು ಬಣ

ಸೋಲಿನ ನಂತರ ಅಭಿಮಾನಿಗಳು ಹೆಚ್ಚುಕಡಿಮೆ ನಾಲ್ಕು ಬಣವಾದರು.

ಮೊದಲನೆಯವರ ವಾದ ನೇರ: ತಂತ್ರವೇ ತಪ್ಪು. ಝೋನ್ ಆಡಿದ್ದರೆ ಇದು ಆಗುತ್ತಿರಲಿಲ್ಲ. ಇವರ ಬಳಿ ಹಳೇ ಸಾಕ್ಷಿಯೂ ಇತ್ತು. 2017ರಲ್ಲಿ ಪೆನ್ ಸ್ಟೇಟ್ 42-13ರಿಂದ ಮಿಶಿಗನ್‌ಗೆ ಹೊಡೆದಾಗಲೂ ಇದೇ ಉಪಾಯ ಮಾಡಿತ್ತು. ವೇಗದ ಸೇಕ್ವಾನ್ ಬಾರ್ಕ್ಲಿಯನ್ನು ನಿಧಾನದ ಲೈನ್‌ಬ್ಯಾಕರ್ ಎದುರು ಒಂಟಿಯಾಗಿ ಸಿಗುವ ಹಾಗೆ ಮಾಡೋದು. ಬಾಗಿಲು ಎಲ್ಲಿ ಸಡಿಲ ಅಂತ ಊರಿಗೆಲ್ಲ ಗೊತ್ತಿತ್ತು, ಚಿಲಕ ಹಾಕಲಿಲ್ಲ ಅಷ್ಟೇ.

ಎರಡನೆಯವರು: ತಂತ್ರ ಸರಿಯೇ ಇದೆ, ಹುಡುಗರಿಗೆ ಅಷ್ಟು ವೇಗ ಇಲ್ಲ. ಒಹಾಯೊಗೆ ಬರುವ ಹುಡುಗರೇ ಬೇರೆ ದರ್ಜೆಯವರು, ಅವರಿಗೆ ಸಮಾನರು ಸಿಗುವವರೆಗೆ ಏನೂ ಆಗಲ್ಲ. ಕೇಳೋಕೆ ಸರಿ ಅನ್ನಿಸುತ್ತೆ. ಆದರೆ ಆ ಮಿಶಿಗನ್ ಡಿಫೆನ್ಸ್‌ನ ಡೆವಿನ್ ಬುಷ್ ಮತ್ತು ರಶಾನ್ ಗ್ಯಾರಿ ಐದು ತಿಂಗಳ ನಂತರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ 10 ಮತ್ತು 12ನೇ ಆಯ್ಕೆಯಾಗಿ ಹೋದರು. ಪ್ರತಿಭೆ ಇರಲಿಲ್ಲ ಅನ್ನೋದು ಅಷ್ಟು ಸುಲಭಕ್ಕೆ ನಿಲ್ಲುವ ಮಾತಲ್ಲ. ಬುಷ್ ಅವತ್ತು ಗಾಯಗೊಂಡು ಹೊರಹೋಗಿದ್ದ ಅನ್ನೋದನ್ನೂ ಸೇರಿಸಿ ಹೇಳಬೇಕು.

ಮೂರನೆಯ ಬಣ ಅಫೆನ್ಸ್ ಕಡೆ ಬೆರಳು ತೋರಿಸಿತು. ಅರ್ಧ ಆಟ ಮುಗಿದಾಗ ಸ್ಕೋರ್ 24-19, ಪಂದ್ಯ ಇನ್ನೂ ಕೈಲಿತ್ತು. ಆಮೇಲೆ ಮಿಶಿಗನ್‌ನ ಪಂಟ್ ಒಂದನ್ನು ಒಹಾಯೊ ತಡೆದು, ಅದೇ ಚೆಂಡನ್ನು ಟಚ್‌ಡೌನ್ ಮಾಡಿಕೊಂಡಿತು. ಆ 7 ಅಂಕವನ್ನು ಡಿಫೆನ್ಸ್ ಖಾತೆಗೆ ಬರೆಯೋದು ಅನ್ಯಾಯ. ಒಪ್ಪುತ್ತೇನೆ. ಕಳೆದರೂ 55 ಉಳಿಯುತ್ತಲ್ಲ ಸ್ವಾಮಿ?

ನಾಲ್ಕನೆಯವರು ಸಮಾಧಾನಿಗಳು. 11 ಪಂದ್ಯ ಅದ್ಭುತವಾಗಿ ಆಡಿದ್ದಾರೆ, ಒಂದು ದಿನ ಕೆಟ್ಟಿತು, ಸರಾಸರಿ ನೋಡಿ, ಶಾಂತವಾಗಿರಿ. ನನಗೆ ಅತಿ ಹೆಚ್ಚು ತಕರಾರು ಇರೋದು ಇವರ ಜೊತೆಗೇ.

ಸರಾಸರಿ ಎಂಬ ನಿದ್ದೆ ಮಾತ್ರೆ

ನಾನು ಓದಿದ್ದು ಮೆಕ್ಯಾನಿಕಲ್. ಮಷೀನ್ ಡಿಸೈನ್ ಪರೀಕ್ಷೆಗೆ ಡೇಟಾ ಹ್ಯಾಂಡ್‌ಬುಕ್ ಒಳಗೆ ತೆಗೆದುಕೊಂಡು ಹೋಗಬಹುದಿತ್ತು. ಆದರೂ ಅರ್ಧ ಕ್ಲಾಸ್ ಫೇಲ್ ಆಗುತ್ತಿತ್ತು, ಅದು ಬೇರೆ ಕಥೆ. ಆ ವಿಷಯದಲ್ಲಿ ಕಲಿಸುವ ಮೊದಲ ಸಂಗತಿಗಳಲ್ಲಿ ಒಂದು: ಒಂದು ಶಾಫ್ಟನ್ನೋ ಬೋಲ್ಟನ್ನೋ ಸರಾಸರಿ ಹೊರೆಗೆ ಲೆಕ್ಕ ಹಾಕಿ ಮಾಡಲ್ಲ. ಅದರ ಮೇಲೆ ಬೀಳಬಹುದಾದ ಅತಿ ಕೆಟ್ಟ ಹೊರೆ ಎಷ್ಟು ಅಂತ ನೋಡಿ, ಅದರ ಮೇಲೆ ಇನ್ನಷ್ಟು ಸುರಕ್ಷತೆ ಸೇರಿಸಿ ಮಾಡುತ್ತಾರೆ. ಸೇತುವೆ ಮೇಲೆ ದಿನವಿಡೀ ಸ್ಕೂಟರ್‌ಗಳೇ ಓಡಾಡಿದರೂ, ಅದು ನಿಲ್ಲಬೇಕಿರೋದು ಮರಳು ತುಂಬಿದ ಟಿಪ್ಪರ್‌ಗಳು ಸಾಲಾಗಿ ಬಂದ ದಿನ.

ಮಿಶಿಗನ್‌ನ 13.5 ಅನ್ನೋ ಸರಾಸರಿ ಎಲ್ಲಿಂದ ಬಂತು? ವೆಸ್ಟರ್ನ್ ಮಿಶಿಗನ್‌ಗೆ 3, ನೆಬ್ರಾಸ್ಕಾಗೆ 10, ರಟ್ಗರ್ಸ್‌ಗೆ 7, ಮಿಶಿಗನ್ ಸ್ಟೇಟ್‌ಗೆ 7. ಇವರಲ್ಲಿ ಯಾರ ಹತ್ತಿರವೂ ಒಂದೇ ಸಲಕ್ಕೆ ನಾಲ್ವರು ವೇಗದ ರಿಸೀವರ್‌ಗಳನ್ನು ಇಳಿಸಿ, ಎಲ್ಲರನ್ನೂ ಅಡ್ಡಕ್ಕೆ ಓಡಿಸಿ, ಚೆಂಡನ್ನು ಕರಾರುವಾಕ್ಕಾಗಿ ಎಸೆಯುವ ಕ್ವಾರ್ಟರ್‌ಬ್ಯಾಕ್ ಇರಲಿಲ್ಲ. ಮ್ಯಾನ್ ಕವರೇಜ್ ಪ್ಲಸ್ ಬ್ಲಿಟ್ಜ್ ದುರ್ಬಲರನ್ನು ಪುಡಿ ಮಾಡುವ ಯಂತ್ರ. ನಿಧಾನದ ಕ್ವಾರ್ಟರ್‌ಬ್ಯಾಕ್, ಸಾಧಾರಣ ರಿಸೀವರ್ ಸಿಕ್ಕರೆ ಇದಕ್ಕಿಂತ ಒಳ್ಳೆ ತಂತ್ರ ಇಲ್ಲ. ಅದಕ್ಕೇ ವರ್ಷದ ಬಹುಪಾಲು ಅದು ನಂಬರ್ ಒನ್ ಆಗಿ ಕಾಣುತ್ತೆ. ಆದರೆ ಮಿಶಿಗನ್‌ನ ಇಡೀ ವರ್ಷದ ಅರ್ಥ ನಿರ್ಧಾರವಾಗೋದು ಒಂದೇ ಹೊರೆಯ ಮೇಲೆ, ನವೆಂಬರ್ ಕೊನೆಯ ಶನಿವಾರದ ಆ ಹೊರೆ. ಡಿಸೈನ್ ಮಾಡಬೇಕಿದ್ದದ್ದು ಅದಕ್ಕೆ.

ಸೋತಾಗ ಸರಾಸರಿ ತೋರಿಸಿ ಸಮಾಧಾನ ಹೇಳುವವರು ಎಲ್ಲ ಕಡೆ ಇದ್ದಾರೆ. ಒಟ್ಟು ಮತ ಪ್ರಮಾಣ ಕಮ್ಮಿಯಾಗಿಲ್ಲ ಅಂತ ಹೇಳಿಕೊಂಡು ಸೀಟು ಕಳೆದುಕೊಂಡ ಪಕ್ಷಗಳನ್ನು ನಾವೂ ನೋಡಿದ್ದೇವೆ.

ಝೋನ್ ಬಣದ ಮುಖಕ್ಕೂ ಮಂಗಳಾರತಿ

ಹಾಗಾದರೆ ಮೊದಲ ಬಣ ಗೆದ್ದಿತು ಅಂದುಕೊಳ್ಳಬೇಡಿ. ಬ್ರೌನ್ ಹಠಮಾರಿ ಅಂತ ಎಲ್ಲರೂ ಬೈದರು, ಆದರೆ ಅವರು 2019ರಲ್ಲಿ ಝೋನ್ ಪ್ರಮಾಣವನ್ನು ಹೆಚ್ಚಿಸಿದರು. ಆ ವರ್ಷ ಒಹಾಯೊ ಸ್ಟೇಟ್ ಆನ್ ಆರ್ಬರ್‌ಗೇ ಬಂದು, ಮಿಶಿಗನ್‌ನ ಸ್ವಂತ ಮೈದಾನದಲ್ಲಿ, ಲಕ್ಷಕ್ಕೂ ಹೆಚ್ಚು ಜನರ ಎದುರು 56-27ರಿಂದ ಹೊಡೆದು ಹೋಯಿತು. ಈ ಸಲ ಅಡ್ಡ ಓಟದ ಮೇಲೇ ನಿಲ್ಲಲಿಲ್ಲ. ಜೆ.ಕೆ. ಡಾಬಿನ್ಸ್ ಚೆಂಡು ಹಿಡಿದು ನೇರವಾಗಿ ನುಗ್ಗಿ 211 ಯಾರ್ಡ್ ಓಡಿದ, ನಾಲ್ಕು ಟಚ್‌ಡೌನ್.

ಎರಡು ವರ್ಷದಲ್ಲಿ 118 ಅಂಕ. ‘ಝೋನ್ ಆಡಿದ್ದರೆ’ ಅನ್ನೋ ಒಂದು ಸಾಲಿನ ಪರಿಹಾರ ಅಲ್ಲಿಗೆ ಸತ್ತಿತು. ಬೇಸಿಕ್ ರಿಪೇರಿ ಮಾಡುವವರಿಗೆ ಗೊತ್ತಿರುವ ವಿಷಯವೇ ಇದು: ಒಂದು ಸೋರಿಕೆ ಮುಚ್ಚಿದರೆ ಒತ್ತಡ ಇನ್ನೊಂದು ಕಡೆ ಒಡೆದುಕೊಂಡು ಬರುತ್ತೆ. ಝೋನ್ ಬಾರದ ಹುಡುಗರಿಗೆ ಝೋನ್ ಆಡಿಸಿದರೆ ಅದೂ ಇಲ್ಲ, ಇದೂ ಇಲ್ಲ. ಮೂರ್ನಾಲ್ಕು ವರ್ಷ ಮ್ಯಾನ್ ಆಡುವ ಗುಣ ನೋಡಿ ಆರಿಸಿ ತಂದ ಹುಡುಗರು ಅವರು.

2020ರಲ್ಲಿ ಕೋವಿಡ್‌ನಿಂದ ಈ ಪಂದ್ಯವೇ ರದ್ದಾಯಿತು. ಮಿಶಿಗನ್ ಆ ಕಿರು ಋತುವನ್ನು 2-4ರಲ್ಲಿ ಮುಗಿಸಿತು. ಬ್ರೌನ್ ಮನೆಗೆ ಹೋದರು. ಹಾರ್ಬಾ ಉಳಿದರು, ಆದರೆ ಸಂಬಳದಲ್ಲಿ ದೊಡ್ಡ ಕಡಿತಕ್ಕೆ ಒಪ್ಪಿಕೊಂಡು.

396 ಮತ್ತು 394

ಬ್ರೌನ್ ಜಾಗಕ್ಕೆ ಬಂದವರು ಮೈಕ್ ಮ್ಯಾಕ್‌ಡೊನಾಲ್ಡ್. 33 ವರ್ಷ. ಹಾರ್ಬಾ ಅವರ ಅಣ್ಣ ಜಾನ್ ಕೋಚ್ ಆಗಿದ್ದ ಬಾಲ್ಟಿಮೋರ್ ರೇವನ್ಸ್‌ನಲ್ಲಿ ಲೈನ್‌ಬ್ಯಾಕರ್‌ಗಳ ಕೋಚ್. ಅದಕ್ಕೂ ಮೊದಲು ಒಂದಿಡೀ ಡಿಫೆನ್ಸ್ ನಡೆಸಿದ ಅನುಭವ ಇರಲಿಲ್ಲ. ಅವರು ತಂದ ತತ್ವ ಬ್ರೌನ್‌ಗೆ ಹೆಚ್ಚುಕಡಿಮೆ ಉಲ್ಟಾ. ಮುನ್ನುಗ್ಗೋದು ಕಮ್ಮಿ, ಮುನ್ನುಗ್ಗುವ ಹಾಗೆ ನಟಿಸೋದು ಜಾಸ್ತಿ. ಆರು ಜನ ಗೆರೆಯಲ್ಲಿ ನಿಲ್ತಾರೆ, ಚೆಂಡು ಆಡಿದ ತಕ್ಷಣ ಇಬ್ಬರು ಹಿಂದೆ ಸರಿಯುತ್ತಾರೆ, ನಾಲ್ವರು ಮಾತ್ರ ನುಗ್ಗುತ್ತಾರೆ. ಯಾವ ನಾಲ್ವರು ಅಂತ ಕ್ವಾರ್ಟರ್‌ಬ್ಯಾಕ್‌ಗೆ ಮೊದಲೇ ಗೊತ್ತಾಗಲ್ಲ. ಹಿಂದೆ ಇಬ್ಬರು ಆಳದಲ್ಲಿ ನಿಂತು, ಏನೇ ಆಗಲಿ ಚೆಂಡು ತಲೆ ಮೇಲಿಂದ ದಾಟದ ಹಾಗೆ ನೋಡಿಕೊಳ್ತಾರೆ.

2021ರ ನವೆಂಬರ್ 27, ಆನ್ ಆರ್ಬರ್, ಹಿಮ ಬೀಳ್ತಾ ಇದೆ. ಎದುರಿಗಿರುವ ಒಹಾಯೊ ಆ ಋತುವಿನಲ್ಲಿ ದೇಶದಲ್ಲೇ ಅತಿ ಹೆಚ್ಚು ಸರಾಸರಿ ಅಂಕ ಗಳಿಸಿದ ತಂಡ. ಕ್ವಾರ್ಟರ್‌ಬ್ಯಾಕ್ ಸಿ.ಜೆ. ಸ್ಟ್ರೌಡ್ ಅವತ್ತು ಎಸೆದಿದ್ದು 394 ಯಾರ್ಡ್.

ಮತ್ತೊಮ್ಮೆ ಓದಿ. 2018ರಲ್ಲಿ ಹ್ಯಾಸ್ಕಿನ್ಸ್ 396, 2021ರಲ್ಲಿ ಸ್ಟ್ರೌಡ್ 394. ಎರಡೇ ಯಾರ್ಡ್ ವ್ಯತ್ಯಾಸ. ಮೊದಲ ಸಲ ಒಹಾಯೊ 62 ಅಂಕ, ಎರಡನೇ ಸಲ 27. ಮಿಶಿಗನ್ 42-27ರಿಂದ ಗೆದ್ದಿತು, ಎಂಟು ಸೋಲುಗಳ ಸರಣಿ ಮುರಿಯಿತು.

ನನ್ನ ಪ್ರಕಾರ ಈ ಇಡೀ ಚರ್ಚೆಯ ತಿರುಳು ಈ ಎರಡು ಸಂಖ್ಯೆಗಳಲ್ಲಿದೆ. 396 ಯಾರ್ಡ್‌ಗೆ ಹ್ಯಾಸ್ಕಿನ್ಸ್ ಎಸೆದ ಪಾಸ್ 31, ಅಂದರೆ ಪ್ರತಿ ಎಸೆತಕ್ಕೆ ಸುಮಾರು 12.8 ಯಾರ್ಡ್. 394ಕ್ಕೆ ಸ್ಟ್ರೌಡ್ ಎಸೆಯಬೇಕಾದ ಪಾಸ್ 49, ಪ್ರತಿ ಎಸೆತಕ್ಕೆ 8. ಮ್ಯಾಕ್‌ಡೊನಾಲ್ಡ್ ಯಾರ್ಡ್‌ಗಳನ್ನು ತಡೆಯಲೇ ಇಲ್ಲ, ಅವುಗಳ ಬೆಲೆ ಏರಿಸಿದರು. ತಗೋ, ಆದರೆ ಚಿಲ್ಲರೆಯಲ್ಲಿ ತಗೋ. ಹಾಗೆ ಚಿಲ್ಲರೆ ಎಣಿಸುತ್ತಾ ಬರುವವನು ಎಲ್ಲೋ ಒಂದು ಕಡೆ ಎಡವುತ್ತಾನೆ. ಒಂದು ಫೌಲ್, ಒಂದು ಜಾರಿದ ಕ್ಯಾಚ್, ಇಲ್ಲವೇ ಏಡನ್ ಹಚಿನ್ಸನ್. ಆ ದೈತ್ಯ ಅವತ್ತು ಸ್ಟ್ರೌಡ್‌ನನ್ನು ಮೂರು ಸಲ ಕೆಡವಿದ. ಹೆಚ್ಚುವರಿ ಜನ ಕಳಿಸದೆ ನಾಲ್ವರಲ್ಲೇ ಕೆಲಸ ಮುಗಿಯುವಂತಿದ್ದರೆ ಉಳಿದ ಏಳು ಜನ ಹಿಂದೆ ಕಾಯಬಹುದು. 2018ರ ತಂಡದಲ್ಲಿ ಇದೇ ಹಚಿನ್ಸನ್ ಮೊದಲ ವರ್ಷದ ಹುಡುಗನಾಗಿ ಇದ್ದ.

ಇನ್ನರ್ಧ ಕೆಲಸ ಅಫೆನ್ಸ್ ಮಾಡಿತು. ಮಿಶಿಗನ್ ಚೆಂಡು ಹಿಡಿದು ನೆಲದ ಮೇಲೇ 297 ಯಾರ್ಡ್ ಓಡಿತು. ಹಸನ್ ಹ್ಯಾಸ್ಕಿನ್ಸ್ (ಬೇರೆ ಹ್ಯಾಸ್ಕಿನ್ಸ್, ಇವನು ನಮ್ಮವನು ಅಂತಾರೆ ಮಿಶಿಗನ್‌ನವರು) ಐದು ಟಚ್‌ಡೌನ್ ಹೊಡೆದ. ಓಟದ ಆಟದಲ್ಲಿ ಗಡಿಯಾರ ನಿಲ್ಲದೆ ಓಡುತ್ತೆ, ಎದುರಾಳಿ ಬೆಂಚ್ ಮೇಲೆ ಕೂತು ಚಳಿಯಲ್ಲಿ ನಡುಗುತ್ತಾನೆ. ಡಿಫೆನ್ಸ್ ಅನ್ನು ಡಿಫೆನ್ಸ್ ಆಗಿ ಮಾತ್ರ ನೋಡಿದ ಮೊದಲೆರಡು ಬಣಗಳು ತಪ್ಪಿಸಿಕೊಂಡಿದ್ದು ಇಲ್ಲೇ. ಮೂರನೆಯ ಬಣದ ಮಾತನ್ನು ಇನ್ನಷ್ಟು ಗಂಭೀರವಾಗಿ ಕೇಳಬೇಕಿತ್ತು.

ಇದೆಲ್ಲ ಶುದ್ಧ ಬುದ್ಧಿಯ ಗೆಲುವಾ ಅಂತ ಒಹಾಯೊ ಅಭಿಮಾನಿಗಳನ್ನು ಕೇಳಿ ನೋಡಿ, ಉಗಿದು ಕಳಿಸ್ತಾರೆ. 2023ರ ಅಕ್ಟೋಬರ್‌ನಲ್ಲಿ ಮಿಶಿಗನ್ ಸಿಬ್ಬಂದಿಯೊಬ್ಬ ಎದುರಾಳಿಗಳ ಪಂದ್ಯಗಳಿಗೆ ಮುಂಚಿತವಾಗಿ ಜನ ಕಳಿಸಿ, ಅವರ ಕೋಚ್‌ಗಳ ಕೈಸನ್ನೆಗಳನ್ನು ರೆಕಾರ್ಡ್ ಮಾಡಿಸುತ್ತಿದ್ದ ಪ್ರಕರಣ ಹೊರಬಿತ್ತು. ಮೈದಾನದಲ್ಲೇ ನೋಡಿ ಸನ್ನೆ ಊಹಿಸಿದರೆ ತಪ್ಪಿಲ್ಲ, ಹೀಗೆ ಮೊದಲೇ ಜನ ಕಳಿಸೋದು ನಿಯಮಬಾಹಿರ. ಹಾರ್ಬಾಗೆ ಆ ವರ್ಷ ಬಿಗ್ ಟೆನ್ ಮೂರು ಪಂದ್ಯ ನಿಷೇಧ ಹಾಕಿತು. ಮಿಶಿಗನ್ ಅದೇ ಋತುವಿನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಸನ್ನೆ ಗೊತ್ತಿದ್ದರೆ ರಕ್ಷಣೆ ಸುಲಭವಾಗೋದು ಹೌದು. ಆದರೆ ಮ್ಯಾಕ್‌ಡೊನಾಲ್ಡ್ ಒಂದೇ ವರ್ಷಕ್ಕೆ ರೇವನ್ಸ್‌ಗೆ ವಾಪಸ್ ಹೋಗಿ ಇದೇ ಪದ್ಧತಿಯಲ್ಲಿ ಎನ್‌ಎಫ್‌ಎಲ್‌ನ ಅತಿ ಗಟ್ಟಿ ಡಿಫೆನ್ಸ್‌ಗಳಲ್ಲೊಂದನ್ನು ಕಟ್ಟಿದರು, 2024ರಲ್ಲಿ ಸಿಯಾಟಲ್ ಸೀಹಾಕ್ಸ್‌ನ ಹೆಡ್ ಕೋಚ್ ಆದರು. ಪೂರ್ತಿ ಕಳ್ಳಮಾಲು ಅಂತ ತಳ್ಳಿಹಾಕೋದಕ್ಕೆ ಇದು ಅಡ್ಡ ಬರುತ್ತೆ.

ಬೈಗುಳ ಯಾರಿಗೆ, ದುಡ್ಡು ಯಾರಿಗೆ

2018ರ ಆ ರಾತ್ರಿ ಅತಿ ಹೆಚ್ಚು ಬೈಗುಳ ತಿಂದವರಲ್ಲಿ ಕ್ಯಾಂಪ್‌ಬೆಲ್ ಮತ್ತವನ ಜೊತೆಗಾರರ ಹಿಂದೆ ಓಡುತ್ತಿದ್ದ ಒಬ್ಬ ಕಾರ್ನರ್‌ಬ್ಯಾಕ್ ಇದ್ದ. ಹೆಸರು ಬರೆಯಲ್ಲ. ಕ್ಯಾಮೆರಾದಲ್ಲಿ ಪದೇ ಪದೇ ಕಂಡಿದ್ದು ಅವನ ಬೆನ್ನು. ಆದರೆ ಅವನನ್ನು ಆ ಜಾಗದಲ್ಲಿ, ಆ ರಿಸೀವರ್ ಎದುರು, ಮಧ್ಯದಲ್ಲಿ ಯಾರ ಸಹಾಯವೂ ಇಲ್ಲದೆ ನಿಲ್ಲಿಸಿದ ನಿರ್ಧಾರ ಅವನದ್ದಲ್ಲ. ಸಿಗ್ನಲ್ ಬದಿಯಲ್ಲಿ ನಿಂತವರಿಂದ ಬರುತ್ತೆ.

ಆ ವರ್ಷದ ನಿಯಮದ ಪ್ರಕಾರ ಅವನಿಗೆ ಸ್ಕಾಲರ್‌ಶಿಪ್ ಮತ್ತು ಖರ್ಚಿನ ಭತ್ಯೆ ಬಿಟ್ಟರೆ ಆಟದಿಂದ ಒಂದು ಪೈಸೆ ತಗೊಳ್ಳುವ ಹಾಗಿರಲಿಲ್ಲ. ತನ್ನ ಹೆಸರಿನ ಟೀಶರ್ಟ್ ಮಾರಿಕೊಂಡರೂ ಅಮಾನತಾಗುವ ಕಾಲ ಅದು. ಬ್ರೌನ್‌ಗೆ ವರ್ಷಕ್ಕೆ 10 ಲಕ್ಷ ಡಾಲರ್‌ಗೂ ಹೆಚ್ಚು ಸಂಬಳ, ಹಾರ್ಬಾಗೆ ಅದರ ಹಲವು ಪಟ್ಟು. ಇವು ಸಾರ್ವಜನಿಕ ವಿಶ್ವವಿದ್ಯಾಲಯಗಳು ಅನ್ನೋದನ್ನು ಮರೀಬೇಡಿ. ‘ಹುಡುಗರಿಗೆ ವೇಗ ಇಲ್ಲ’ ಅನ್ನೋ ಎರಡನೇ ಬಣದ ವಾದ ನನಗೆ ಕಿರಿಕಿರಿ ಮಾಡೋದು ಈ ಕಾರಣಕ್ಕೆ. ಕೋಟಿ ಎಣಿಸುವವನ ನಕ್ಷೆ ಪ್ರಶ್ನೆಗೆ ಬರುವ ಮುಂಚೆ ಕೂಲಿ ಇಲ್ಲದೆ ಇಟ್ಟಿಗೆ ಹೊತ್ತವನ ತೋಳನ್ನು ಅಳೆಯುತ್ತೆ ಅದು.

2021ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆಲ್‌ಸ್ಟನ್ ಪ್ರಕರಣದಲ್ಲಿ 9-0 ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟಿತು. ಅದಾದ ಕೆಲವೇ ದಿನಗಳಲ್ಲಿ, ಜುಲೈ 1ರಿಂದ, ಆಟಗಾರರು ತಮ್ಮ ಹೆಸರು ಮತ್ತು ಮುಖದಿಂದ ದುಡಿಯಲು ಅವಕಾಶವಾಯಿತು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿ ಪ್ರಕಾರ ಈಗ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷ ಒಂದು ವಿಶ್ವವಿದ್ಯಾಲಯಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ.

ಅದಾದ ಮೇಲೆ ಸೋಲಿನ ಮರುದಿನದ ಭಾಷೆಯೂ ಬದಲಾಗಿದೆ. ‘ದುಡ್ಡು ತಗೊಂಡಿದ್ದಾನಲ್ಲ, ಆಡಲಿ’ ಅನ್ನೋ ಮಾತು ಈಗ ಸ್ಟ್ಯಾಂಡ್‌ಗಳಲ್ಲಿ ಸಲೀಸಾಗಿ ಕೇಳುತ್ತೆ. ನನ್ನ ಸ್ನೇಹಿತನೂ ಹೋದ ಸಲ ಫೋನ್‌ನಲ್ಲಿ ಹಾಗೇ ಅಂದ. ‘ಮಗಾ, ಕಾಲ್ ಮಾಡೋನು ಈಗಲೂ ಕೋಚೇ ತಾನೆ?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂರನೇ ಕ್ವಾರ್ಟರ್‌ನಲ್ಲಿ ಎರಡು ಸೇಫ್ಟಿ ಯಾಕೆ ಇಡಲಿಲ್ಲ ಅಂತ ಶುರು ಮಾಡಿದ.